ಮಗ್ಗದ ಮೇಲೆ ಉಳಿದ ಸೆರಗು

ಬನಹಟ್ಟಿಯಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಮೂಗಿಗೆ ಬಡಿಯುವುದು ನೂಲಿಗೆ ಹಚ್ಚುವ ಗಂಜಿಯ ವಾಸನೆ. ಬೇಸಿಗೆಯಲ್ಲಿ ಅದು ಬಿಸಿಲಿಗೆ ಆರಿ ಹೋಗುತ್ತದೆ. ಮಳೆಗಾಲದಲ್ಲಿ ಮಾತ್ರ ಹುಳಿ ಹಿಡಿದು ಓಣಿ ಓಣಿಯಲ್ಲಿ ಕೂತಿರುತ್ತದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಅದನ್ನು ಎದೆ ತುಂಬ ಎಳೆದುಕೊಂಡೇ ಮುಂದೆ ನಡೆಯುತ್ತೇನೆ. ನಾನು ಹುಟ್ಟಿದ್ದು ಇದೇ ಊರಲ್ಲಿ, ನೇಕಾರರ ಮನೆಯಲ್ಲಿ. ಈಗ ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ.

ಅದು ಕಾರ್ಗಿಲ್ ಯುದ್ಧಕ್ಕೆ ಇಪ್ಪತ್ತೈದು ವರ್ಷ ತುಂಬಿದ ಜುಲೈ ತಿಂಗಳು. ಕೃಷ್ಣೆ ದಂಡೆ ತುಂಬಿ ಹರಿಯುತ್ತಿದ್ದಳು, ಮಳೆ ಹನಿಯುತ್ತಲೇ ಇತ್ತು. ನಾನು ಹೊರಟದ್ದು ತವರಿಗೇ ಆದರೂ ಬೇರೆಯವರ ಕೆಲಸ ಹೊತ್ತು ಹೊರಟಿದ್ದೆ. ವಿಜಯ ದಿವಸದ ಬೆಳ್ಳಿಹಬ್ಬ ಮಾಡಲು ನಿಂತಿದ್ದ ಊರಿನ ತರುಣರು ಹಿಂದಿನ ದಿನ ಫೋನ್ ಮಾಡಿದ್ದರು.

"ಮೇಡಂ, ನಿಮ್ಮಣ್ಣಾರು ನೇಯ್ದ ಸೀರಿ ನಿಮ್ಮ ಮನ್ಯಾಗ ಐತಂತಲ್ರಿ. ಅದನ್ನ ಗಾಜಿನ ಪೆಟಗ್ಯಾಗ ಇಟ್ಟು ಸ್ಟೇಜ್ ಮ್ಯಾಲ ತೋರಸಬೇಕಂತ ಮಾಡೀವಿ. ನಿಮ್ಮ ವೈನಿಯವರನ್ನ ನೀವ ಒಪ್ಪಸಬೇಕ್ರಿ."

ನನಗೆ ನಗು ಬಂತು. ಇದೇ ಊರು ಇದೇ ಸೀರೆಯನ್ನು ಹಿಂದೊಮ್ಮೆ ಕೇಳಿತ್ತು. ಕೇಳಿ ಏನಾಯಿತೆಂದು ಈ ಹುಡುಗರಿಗೆ ಗೊತ್ತಿರಲಿಲ್ಲ. ಪಾಪ, ಆಗ ಅವರಿನ್ನೂ ಹುಟ್ಟೇ ಇರಲಿಲ್ಲ. ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಯ ತನಕ ಆ ಗಂಜಿಯ ವಾಸನೆ ಬೆನ್ನು ಹತ್ತಿ ಬಂತು. ಅದರ ಜೊತೆಗೆ ಆ ಒಂದು ವರ್ಷವೂ ಬಂತು.

ನಮ್ಮ ಮನೆಯ ನಡುಮನೆಯಲ್ಲಿ ಅಜ್ಜನ ಕಾಲದ ಒಂದು ಕುಣಿಮಗ್ಗ ಇತ್ತು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಓಣಿಯೆಲ್ಲ ಪವರ್‌ಲೂಮಿಗೆ ತಿರುಗಿದ ಮೇಲೂ ಅದು ಉಳಿದಿತ್ತು. ಅಪ್ಪ ಹಗಲೆಲ್ಲ ಬೇರೆಯವರ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಬಂದು ಅದರ ಮೇಲಿನ ಧೂಳು ಒರೆಸುತ್ತಿದ್ದ. ಆ ಮಗ್ಗದ ಮೇಲೆ ನಿಜವಾದ ಪ್ರೀತಿ ಇದ್ದದ್ದು ನಮ್ಮಣ್ಣ ಮಲ್ಲೇಶನಿಗೆ. ಕಾಲೇಜು ಬಿಟ್ಟು ಮಿಲಿಟರಿ ಸೇರಿದಾಗ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದ. ನೇಕಾರರ ಕೈಗೆ ಬಂದೂಕು ಒಪ್ಪುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಆದರೆ ಅಣ್ಣ ರಜೆಗೆ ಬಂದ ಮರುದಿನವೇ ಕುಣಿಗೆ ಇಳಿಯುತ್ತಿದ್ದ. "ಅಲ್ಲಿ ಥಂಡಿಗೆ ಬೆರಳು ಸತ್ತು ಹೋಗ್ತಾವ ಗಿರಿಜಾ. ಇಲ್ಲಿ ಲಾಳಿ ಹಿಡದ ಮ್ಯಾಲ ಜೀವ ಬರ್ತಾವ ನೋಡು" ಅನ್ನುತ್ತಿದ್ದ. ಆಗ ಅಪ್ಪನ ಸಿಟ್ಟೂ ಇಳಿಯುತ್ತಿತ್ತು.

ಯುದ್ಧದ ವರ್ಷ ಅವನು ಯುಗಾದಿ ಕಳೆದ ಮೇಲೆ ರಜೆಗೆ ಬಂದ. ಮದುವೆಯಾಗಿ ಎರಡನೆಯ ವರ್ಷ, ತೊಟ್ಟಿಲಲ್ಲಿ ಸಂಗೀತಾ ಎಂಬ ಕೂಸು. ವೈನಿಗೆ, ಅಂದರೆ ಅವನ ಹೆಂಡತಿ ಸುವರ್ಣಾಗೆ, ತನ್ನ ಕೈಯಾರೆ ಒಂದು ಇಳಕಲ್ ಸೀರೆ ನೇಯ್ದು ಕೊಡುತ್ತೇನೆಂದು ಕೂತ. ಹಸಿರು ಒಡಲು, ಕೆಂಪು ಸೆರಗು. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಹಾಸು ಅನ್ನುತ್ತೇವೆ. ಇಂಥ ಸೀರೆ ಒಂದು ಹಾಸಿನಲ್ಲಿ ಒಂದೇ ಆಗುತ್ತದೆ. ಒಡಲಿನ ಎಳೆಗಳ ತುದಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಕೂಡಿಸುವ ಕೆಲಸ ನಮ್ಮಲ್ಲಿ ಹೆಂಗಸರದು. ವೈನಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಅದನ್ನು ಮಾಡಿ ಮುಗಿಸಿದಳು. ಮನೆಯಲ್ಲಿ ಯಾರೂ ಇಲ್ಲದಾಗ ಅಣ್ಣ ಅವಳನ್ನೂ ಕುಣಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನೇಯಲು ಕಲಿಸುತ್ತಿದ್ದ. ನಾನು ನೋಡಿ ನೋಡದ ಹಾಗೆ ಹೊರಗೆ ಹೋಗುತ್ತಿದ್ದೆ.

ಒಡಲು ಮುಗಿಯುವ ಹೊತ್ತಿಗೆ ತಾರು ಬಂತು. ಎಲ್ಲರ ರಜೆ ರದ್ದಾಗಿದೆ, ಕೂಡಲೇ ಹೊರಟು ಬಾ ಎಂದು. ಅಣ್ಣ ಎದ್ದು ಕೈ ಒರೆಸಿಕೊಂಡ. ಅಜ್ಜನ ಹಳೆಯ ಧೋತರ ತಂದು ಮಗ್ಗದ ಮೇಲೆ ಹೊದಿಸಿದ.

"ಒಡಲ ಮುಗೀತು, ಸೆರಗ ಉಳೀತು. ಬಂದ ಮ್ಯಾಲ ನೇಯ್ತೀನಿ. ಅಲ್ಲೀತನಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದ. ಆಮೇಲೆ ಟ್ರಂಕು ಎತ್ತಿಕೊಂಡ.

ಈಗ ನಾನು ಪ್ರತಿ ವರ್ಷ ಮಕ್ಕಳಿಗೆ ಆ ಯುದ್ಧದ ಪಾಠ ಹೇಳುತ್ತೇನೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಬೆಟ್ಟದ ತುದಿಯ ಠಾಣೆಗಳನ್ನು ಬಿಟ್ಟು ಎರಡೂ ಕಡೆಯ ಸೈನಿಕರು ಕೆಳಗಿಳಿಯುವುದು ರೂಢಿ. ಆ ಸಲ ಆಚೆಯವರು ಕದ್ದು ಬಂದು ನಮ್ಮ ತುದಿಗಳನ್ನು ಹಿಡಿದು ಕೂತರು. ಅವರು ಮೇಲೆ, ನಮ್ಮವರು ಕೆಳಗೆ. ಕೆಳಗಿನ ರಸ್ತೆಯ ಮೇಲೆ ಗುಂಡು ಬೀಳತೊಡಗಿತು. ನಮ್ಮವರು ಬೆನ್ನ ಮೇಲೆ ಭಾರ ಹೊತ್ತು, ಕಲ್ಲಿಗೆ ಅಂಟಿಕೊಂಡು, ಒಂದೊಂದೇ ತುದಿ ಏರಿ ಬಿಡಿಸಿಕೊಳ್ಳಬೇಕಾಯಿತು. ಜುಲೈ ಇಪ್ಪತ್ತಾರಕ್ಕೆ ಎಲ್ಲ ಮುಗಿಯಿತೆಂದು ಘೋಷಣೆಯಾಯಿತು. ಅದಕ್ಕೇ ಆ ದಿನ ಕಾರ್ಗಿಲ್ ವಿಜಯ ದಿವಸ. ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಇಷ್ಟು ಬರೆದರೆ ಸಾಕು.

ನಮ್ಮಣ್ಣ ಜುಲೈ ಇಪ್ಪತ್ತಾರನ್ನು ನೋಡಲಿಲ್ಲ. ಅವನು ಜೂನ್ ತಿಂಗಳಲ್ಲೇ, ಏರುವ ದಾರಿಯಲ್ಲೇ ಹೋದ. ವಿಜಯದ ಸುದ್ದಿ ಬಂದ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ ಹೊಡೆದರು. ಅವ್ವ ಎದ್ದು ಕಿಟಕಿ ಮುಚ್ಚಿದಳು. ಪಟಾಕಿ ಹೊಡೆದವರ ಮೇಲೆ ನನಗೆ ಆಗ ಬಂದ ಸಿಟ್ಟು ಪೂರ್ತಿ ಇಳಿದಿದೆ ಎಂದು ಇವತ್ತಿಗೂ ಹೇಳಲಾರೆ. ಅವರದೂ ತಪ್ಪಲ್ಲ ಎಂದು ಗೊತ್ತು. ಗೊತ್ತಿದ್ದರೂ ಸಿಟ್ಟು ಸಿಟ್ಟೇ.

ಅವನ ಹೆಣದ ಪೆಟ್ಟಿಗೆ ಊರಿಗೆ ಬಂದ ದಿನ ಮಾತ್ರ ಊರು ಊರಿನಂತೆ ನಡೆದುಕೊಂಡಿತು. ನಮ್ಮ ಓಣಿಗಳಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಸತ್ತರೆ ಹೆಣ ಎತ್ತುವ ತನಕ ಆ ಓಣಿಯ ಮಗ್ಗಗಳು ನಿಲ್ಲುತ್ತವೆ. ಸಾವಿನ ಸುದ್ದಿ ಯಾರೂ ಹೇಳಬೇಕಾಗಿಲ್ಲ, ಸದ್ದು ನಿಂತರೆ ತಿಳಿಯುತ್ತದೆ. ಅಣ್ಣನಿಗಾಗಿ ಬನಹಟ್ಟಿಯಷ್ಟೇ ಅಲ್ಲ, ರಬಕವಿಯ ಮಗ್ಗಗಳೂ ನಿಂತವು. ಹುಟ್ಟಿದಾಗಿನಿಂದ ಆ ಖಟಖಟದಲ್ಲೇ ಮಲಗಿದ್ದ ಸಂಗೀತಾ ಸದ್ದು ನಿಂತದ್ದಕ್ಕೆ ಎಚ್ಚರಾಗಿ ಅತ್ತಳು. ಮರುದಿನ ಎಲ್ಲ ಮಗ್ಗಗಳೂ ಮತ್ತೆ ಶುರುವಾದವು. ನಮ್ಮ ಕುಣಿಮಗ್ಗ ಮಾತ್ರ ಧೋತರದ ಕೆಳಗೆ ಉಳಿಯಿತು.

ಸತ್ತವನ ಹಾಸು ಮಗ್ಗದ ಮೇಲೆ ಉಳಿಯಬಾರದು ಎಂಬುದೂ ನಮ್ಮಲ್ಲಿ ಪದ್ಧತಿಯೇ. ಬಳಗದ ಒಬ್ಬ ಗಂಡಸು ಕೂತು ಅದನ್ನು ನೇಯ್ದು ಮುಗಿಸಬೇಕು. ದಿನಕರ್ಮ ಮುಗಿದ ಮೇಲೆ ಕಾಕಾ ಅದಕ್ಕೆಂದೇ ಬಂದ. ಅವ್ವ ಮಗ್ಗವನ್ನು ತಬ್ಬಿಕೊಂಡು ಕೂತುಬಿಟ್ಟಳು. ಯಾರೂ ಕೈ ಹಚ್ಚಬೇಡಿ ಎಂದು ಮಗ ಹೇಳಿ ಹೋಗಿದ್ದಾನೆ ಅನ್ನುವುದೊಂದೇ ಮಾತು. ಕಾಕಾ ಚಹಾ ಕುಡಿದು ವಾಪಸ್ಸು ಹೋದ. ಹೀಗೆ ಆ ವರ್ಷವೆಲ್ಲ ಸೀರೆ ಹಾಗೇ ಇತ್ತು. ಗಂಜಿಯ ರುಚಿಗೆ ಇಲಿ, ಜಿರಲೆ ಬರುತ್ತವೆ. ವೈನಿ ಮೇಲಿಂದ ಮೇಲೆ ಧೋತರ ತೆಗೆದು ಜಾಡಿಸುತ್ತಿದ್ದಳು, ಬೇವಿನ ಎಲೆ ಇಡುತ್ತಿದ್ದಳು, ಮತ್ತೆ ಹೊದಿಸುತ್ತಿದ್ದಳು.

ಮುಂದಿನ ಮಳೆಗಾಲ ಬಂತು. ಮೊದಲ ವರ್ಷದ ವಿಜಯ ದಿವಸವನ್ನು ಊರಲ್ಲಿ ಜೋರಾಗಿ ಮಾಡಬೇಕೆಂದು ಒಂದು ಕಮಿಟಿ ಆಯಿತು. ಅದರ ಮುಂದಾಳು ಬಸವಂತಪ್ಪ ಸಾವಕಾರರು, ಬಟ್ಟೆ ವ್ಯಾಪಾರ, ಪವರ್‌ಲೂಮ್ ಶೆಡ್ಡು ಎಲ್ಲ ಇದ್ದ ಹಿರಿಯರು. ಕೆಟ್ಟವರಲ್ಲ. ಅಣ್ಣನ ಪೆಟ್ಟಿಗೆ ಬಂದ ದಿನ ಮಗುವಿನ ಹಾಗೆ ಅತ್ತವರು. ಆದರೆ ಅವರಿಗೆ ಏನೇ ಮಾಡಿದರೂ ಹತ್ತು ಮಂದಿ ನೋಡಬೇಕು. ಒಂದು ಮಧ್ಯಾಹ್ನ ಮಳೆಯಲ್ಲಿ ಛತ್ರಿ ಹಿಡಿದು ನಮ್ಮ ಮನೆಗೆ ಬಂದರು.

"ಮಲ್ಲೇಶನ ಮಗ್ಗ ಟ್ರ್ಯಾಕ್ಟರ್ ಮ್ಯಾಲ ಇಟ್ಟು ಮೆರವಣಿಗಿ ಮಾಡೋಣು. ನೇಕಾರರ ಮಗ ದೇಶಕ್ಕ ಜೀವಾ ಕೊಟ್ಟಾನ ಅಂತ ಇಡೀ ಜಿಲ್ಲಾಕ್ಕ ಗೊತ್ತಾಗಬೇಕು" ಎಂದರು.

ಅಪ್ಪ ಅವರ ಮುಖ ನೋಡಿದ. "ಸಾವಕಾರ್ರ, ಇದು ಕುಣಿಮಗ್ಗ ರೀ. ಕುಣೀನೂ ಕಿತ್ತು ಟ್ರ್ಯಾಕ್ಟರಿಗೆ ಏರಸ್ತೀರೇನು?"

ಸಾವಕಾರರು ಪೆಚ್ಚಾದರು. ಅವರ ಅಜ್ಜನೂ ಅಂಥ ಕುಣಿಯಲ್ಲೇ ಕೂತು ಬೆನ್ನು ಬಗ್ಗಿಸಿಕೊಂಡವನು. ಶೆಡ್ಡುಗಳ ಗದ್ದಲದಲ್ಲಿ ಅವರಿಗೆ ಅದು ಮರೆತೇ ಹೋಗಿತ್ತು. ಒಳಗೆ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಆ ವರ್ಷದಲ್ಲಿ ನಕ್ಕದ್ದು ಅದೇ ಮೊದಲು ಇರಬೇಕು.

ಆದರೆ ಸಾವಕಾರರು ಸುಮ್ಮನೆ ಬಿಡುವವರಲ್ಲ. ಮಗ್ಗ ಬೇಡ, ಸೀರೆ ಸಾಕು ಎಂದರು. ನೇಯದೆ ಉಳಿದ ಎಳೆಗಳ ಸಮೇತ ಅದನ್ನು ಕತ್ತರಿಸಿ ತೆಗೆದು, ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಗಾಜು ಹಾಕಿಸುವುದು. ವಿಜಯ ದಿವಸದಂದು ಸ್ಟೇಜಿನ ಮೇಲೆ ಪರದೆ ಸರಿಸಿ ತೋರಿಸುವುದು. ಆಮೇಲೆ ಅದನ್ನು ಊರಿನ ವಾಚನಾಲಯದ ಗೋಡೆಗೆ ಕಾಯಂ ತೂಗುಹಾಕುವುದು.

"ಅರ್ಧಕ್ಕ ನಿಂತ ಸೀರಿ. ಎಳಿ ಜೋತಾಡತಿರಬೇಕು. ನೋಡಿದವರ ಕಣ್ಣಾಗ ನೀರು ಬರಬೇಕು" ಎಂದರು.

ಅಪ್ಪ ತಲೆ ಆಡಿಸಿದ. ಮಗನ ಹೆಸರು ಊರಿನ ಗೋಡೆಯ ಮೇಲೆ ಇರುತ್ತದೆ ಎಂಬುದು ಅವನಿಗೆ ಒಂದು ಆಸರೆಯಾಗಿ ಕಂಡಿತ್ತು. ಅದು ನನಗೆ ಈಗ ಅರ್ಥವಾಗುತ್ತದೆ. ಆಗ ನನಗೆ ಸಿಟ್ಟೇ ಬಂದಿತ್ತು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ವೈನಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಬಿಳುಚಿದ ಬೂದು ಸೀರೆ, ಬೋಳು ಹಣೆ. ಒಂದು ವರ್ಷ ಅವಳ ಧ್ವನಿ ನಡುಮನೆಯ ತನಕ ಬಂದಿರಲಿಲ್ಲ.

"ಅದು ಅರ್ಧಕ್ಕ ನಿಂತಿಲ್ರಿ. ಸೆರಗ ಉಳದೈತಿ, ಅಷ್ಟ. ನಾ ನೇಯ್ತೀನಿ."

ಅಪ್ಪ ದಂಗಾದ. "ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಅವ ಹೇಳಿ ಹೋಗ್ಯಾನವಾ."

"ಬಂದ ಮ್ಯಾಲ ನೇಯ್ತೀನಿ ಅಂತನೂ ಹೇಳಿ ಹೋಗ್ಯಾರಲ್ರಿ ಮಾವಾರ. ಅದೊಂದು ಮಾತು ಅವರ ಕೈಲೆ ಆಗಲಿಲ್ಲ. ಅದನ್ನ ನಾ ಮಾಡ್ತೀನಿ. ಒಡಲಿಗೆ ಸೆರಗ ಕೂಡಿಸಿದಾಕಿನೂ ನಾನ. ಆ ಸೀರಿ ನನಗಂತ ನೇಯ್ದಿದ್ದು, ಗ್ವಾಡಿಗಲ್ಲ."

ಸಾವಕಾರರು ಎದ್ದು ನಿಂತರು. "ದುಃಖದಾಗ ಹೆಣ್ಣಮಕ್ಕಳು ಏನೇನರ ಅಂತಾರ. ನೀವ ತಿಳಿಸಿ ಹೇಳ್ರಿ" ಎಂದು ಅಪ್ಪನಿಗೆ ಹೇಳಿ ಛತ್ರಿ ಬಿಚ್ಚಿದರು. ಸೀರೆ ಕತ್ತರಿಸಲು ಆಳು ಕಳಿಸುತ್ತೇನೆ ಎಂದೂ ಹೇಳಿದರು.

ಮರುದಿನ ಅಪ್ಪ ಶೆಡ್ಡಿಗೆ ಹೋದ ಮೇಲೆ ವೈನಿ ಧೋತರ ತೆಗೆದು ಮಡಚಿದಳು. ಅವ್ವ ಅಡ್ಡ ನಿಂತಳು.

"ಇಳೀಬ್ಯಾಡ ಬೇ ಸುವರ್ಣಾ. ಕುಂಕುಮ ಅಳಿಸಿದ ಕೈಲೆ ಹಸರು, ಕೆಂಪು ಮುಟ್ಟಬಾರದು. ನಮ್ಮ ಮನಿತನದಾಗ ಇಂಥಾದ್ದು ನಡದಿಲ್ಲ."

"ನಿಮ್ಮ ಮಗ ಹಿಂಗ ಸಾಯೂದೂ ನಡದಿದ್ದಿಲ್ಲಲ್ರಿ ಅತ್ತಿ" ಎಂದು ವೈನಿ ಕುಣಿಗೆ ಕಾಲು ಇಳಿಬಿಟ್ಟಳು. ಅವ್ವ ಅಳುತ್ತ ಹಿತ್ತಲಿಗೆ ಹೋದಳು.

ವರ್ಷದ ಹಾಸು, ಮಳೆಗಾಲದ ತೇವ. ಕುಣಿಯೊಳಗಿನ ತುಳಿಹಲಗೆ ಒತ್ತಿದ ಕೂಡಲೇ ಎಳೆಗಳು ಪಟಪಟ ಹರಿದವು. ವೈನಿ ಒಂದೊಂದನ್ನೇ ಹುಡುಕಿ ಗಂಟು ಹಾಕಿದಳು. ನೇಯ್ದದ್ದಕ್ಕಿಂತ ಗಂಟು ಹಾಕಿದ್ದೇ ಹೆಚ್ಚು. ಅಂದು ಸಂಜೆಗೆ ನೋಡಿದರೆ ಬೆರಳಗಲ ಕೆಂಪು ಕಾಣುತ್ತಿತ್ತು. ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎರಡೂ ಕಡೆ ಪವರ್‌ಲೂಮುಗಳು ಅಬ್ಬರಿಸುತ್ತಿದ್ದವು. ಅವುಗಳ ನಡುವೆ ಒಂದು ಕುಣಿಮಗ್ಗದ ಸದ್ದು ಯಾರಿಗೆ ಕೇಳಬೇಕು?

ಆದರೆ ಆಗ ದಿನಾಲೂ ಕರೆಂಟು ಹೋಗುವ ಕಾಲ. ಎರಡನೆಯ ಮಧ್ಯಾಹ್ನ ಊಟದ ಹೊತ್ತು ಮುಗಿದು ಎಲ್ಲ ಶೆಡ್ಡುಗಳೂ ಪೂರ್ತಿ ವೇಗದಲ್ಲಿದ್ದಾಗ ಕರೆಂಟು ಹೋಯಿತು. ಓಣಿಯ ಸದ್ದೆಲ್ಲ ಒಮ್ಮೆಲೇ ಬಿತ್ತು. ಹಂಚಿನ ಮೇಲೆ ಮಳೆ ಬೀಳುವುದು ಕೇಳತೊಡಗಿತು. ಅದರ ಜೊತೆಗೆ ನಮ್ಮ ಮನೆಯೊಳಗಿನಿಂದ ಒಂದೇ ಒಂದು ಮಗ್ಗ. ಟಕ್ ಎಂದು ಲಾಳಿ, ಧಡ್ ಎಂದು ಹಣಿಗೆ. ನಾನು ಪಿಯುಸಿ ಪುಸ್ತಕ ಬಿಟ್ಟು ಓಡಿ ಬಂದೆ.

"ವೈನಿ, ಕರೆಂಟ್ ಹೋಗೈತಿ. ಹೊರಗೆಲ್ಲಾ ಕೇಳಾಕತ್ತೈತಿ."

ವೈನಿ ತಲೆ ಎತ್ತಲಿಲ್ಲ. "ಕೇಳಲಿ. ನನ್ನ ಮಗ್ಗಕ್ಕ ಕರೆಂಟ್ ಬೇಕಾಗಿಲ್ಲ."

ಓಣಿಯ ಮಂದಿ ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬಂದರು. ಶೆಡ್ಡಿನಿಂದ ಅಪ್ಪನೂ ಬಂದ. ಸುದ್ದಿ ಮುಟ್ಟಿ ಸಾವಕಾರರೂ ಬಂದರು. ಒದ್ದೆ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬಂದು ನಿಂತು, ಕೆಂಪು ಬಿದ್ದ ಅಷ್ಟು ಅಗಲದ ಸೆರಗನ್ನು ನೋಡಿದರು. ಅವರ ಮುಖ ಕಪ್ಪಿಟ್ಟಿತು.

"ಏನ್ ಮಾಡಾಕತ್ತಿ ತಂಗೀ ಇದು? ಇದು ಈಗ ಊರಿನ ಸೀರಿ ಐತಿ. ನೀ ಮುಗಿಸಿದ್ರ ಅದರಾಗ ಏನ್ ಉಳೀತೈತಿ? ಪ್ಯಾಟಿ ಸೀರಿಗೂ ಅದಕೂ ಏನ್ ಫರಕ?"

ವೈನಿ ಲಾಳಿ ಕೈಯಲ್ಲಿ ಹಿಡಿದು ಮೊದಲ ಸಲ ಅವರತ್ತ ನೋಡಿದಳು. "ಸಾವಕಾರ್ರ, ಅವರು ಗುಡ್ಡಾ ಏರೂ ಮುಂದ ಸತ್ರು. ಹಿಂದ ಬಂದವರು ಅಲ್ಲೇ ನಿಂತು ಅಳಕೋತ ಕುಂತ್ರೇನು? ಅವರು ಬಿಟ್ಟಲ್ಲಿಂದ ಮುಂದ ಏರಿ ಮುಗಿಸಿದ್ರು. ಅದಕ್ಕ ನೀವು ವಿಜಯ ದಿವಸ ಮಾಡಾಕತ್ತೀರಿ. ಅವರ ಜೋಡಿ ಸಿಪಾಯಿಗೋಳು ಮಾಡಿದ್ದನ್ನ ನಾ ಮನ್ಯಾಗ ಮಾಡಿದ್ರ ನಿಮಗ ಯಾಕ ತ್ರಾಸ ಆಗತೈತಿ?"

ಅಪ್ಪ ಗೋಡೆ ಹಿಡಿದು ನಿಂತಿದ್ದ. ಸಾವಕಾರರು ಅಪ್ಪನ ಕಡೆ ತಿರುಗಿ, "ನೀವರ ಹೇಳ್ರಿ. ಚೌಕಟ್ಟು ಮಾಡಿಸೀನಿ, ಗಾಜು ತರಿಸೀನಿ. ಊರಿಗೆ ನಾ ಏನಂತ ಹೇಳ್ಲಿ?" ಎಂದರು.

ಉತ್ತರ ಕೊಟ್ಟದ್ದು ಅವ್ವ. ಹಿತ್ತಲಿಂದ ಯಾವಾಗ ಬಂದಳೋ. ಮೂಲೆಯಲ್ಲಿದ್ದ ರಾಟಿಯನ್ನು ಎಳೆದುಕೊಂಡು ಮಗ್ಗದ ಪಕ್ಕಕ್ಕೆ ಕೂತಳು. ಕೆಂಪು ನೂಲಿನ ಲಡಿ ಬಿಚ್ಚಿದಳು.

"ಸೊಸಿ ನೇಯಾಕತ್ತಾಳ, ಅತ್ತಿ ಕಂಡಕಿ ಸುತ್ತಾಕತ್ತಾಳ ಅಂತ ಹೇಳ್ರಿ" ಎಂದು ಲಾಳಿಯೊಳಗಿನ ನೂಲಿನ ಕಂಡಕಿಯನ್ನು ಸುತ್ತತೊಡಗಿದಳು. ವೈನಿಗೆ ಅಲ್ಲಿಯ ತನಕ ಬಾರದ ಕಣ್ಣೀರು ಆಗ ಬಂತು. ಒರೆಸಿಕೊಳ್ಳದೆ ಮತ್ತೆ ಲಾಳಿ ಎಸೆದಳು.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ನನಗೆ ಇವತ್ತಿಗೂ ಖುಷಿ. ಬೇಕೆಂದೇ ಕರೆಂಟು ಹೋದಾಗ ಮಾತ್ರ ನೇಯತೊಡಗಿದಳು. ಓಣಿಯಲ್ಲಿ ಪವರ್‌ಲೂಮುಗಳು ನಡೆಯುವಾಗ ಹರಿದ ಎಳೆ ಕೂಡಿಸುವುದು, ಕೂಸಿಗೆ ಉಣಿಸುವುದು, ರೊಟ್ಟಿ ಬಡಿಯುವುದು. ಕರೆಂಟು ಹೋಗಿ ಎಲ್ಲ ನಿಂತ ಕೂಡಲೇ ಕುಣಿಗೆ ಇಳಿಯುವುದು. ಮಾತಾಡಿಕೊಳ್ಳುವವರು ಮಾತಾಡಿಕೊಂಡರು. ಗಂಡ ಸತ್ತವಳ ಸೊಕ್ಕು ನೋಡು ಎಂದವರೂ ಇದ್ದರು. ಅದೇ ಹೊತ್ತಿಗೆ ಕಟ್ಟೆಯ ಮೇಲೆ ಬಂದು ಸುಮ್ಮನೆ ಕೂತು ಕೇಳುವ ಮುದುಕ ನೇಕಾರರೂ ಇದ್ದರು. ಮಳೆ ಹಿಡಿದುಕೊಂಡಿತ್ತು. ಕೃಷ್ಣೆ ಏರುತ್ತಿದ್ದಳು. ಎಲ್ಲರೂ ಕರೆಂಟಿಗೆ ಬೈಯುತ್ತಿದ್ದ ಊರಲ್ಲಿ ನಮ್ಮ ಮನೆಯೊಂದು ಮಾತ್ರ ಕರೆಂಟು ಹೋಗಲಿ ಎಂದು ಕಾಯುತ್ತಿತ್ತು.

ವಿಜಯ ದಿವಸಕ್ಕೆ ಮುಂಚೆ ಸೆರಗು ಮುಗಿಯಿತು. ನಮ್ಮಲ್ಲಿ ಮುಗಿದ ಸೀರೆಯನ್ನು ಮಗ್ಗದಿಂದ ಇಳಿಸುವುದು ಮುತ್ತೈದೆ. ಸೀರೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಅವಳೇ ಕತ್ತರಿಸಬೇಕು. ಅವ್ವ ಚಾಕು ತಂದಳು. ಅಂಚಿಗೆ ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ಚಾಕುವನ್ನು ವೈನಿಯ ಕೈಗೆ ಕೊಟ್ಟಳು.

"ನೇಯ್ದಾಕಿ ನೀನು. ನೀನ ಇಳಸು."

ಅಪ್ಪ ಅಲ್ಲೇ ಇದ್ದ. ಸೀರೆ ಕೆಳಗಿಳಿದಾಗ ಮುಂದೆ ಬಂದು ಅದರ ಇನ್ನೊಂದು ತುದಿ ಹಿಡಿದು ಮಡಚಲು ಕೈಜೋಡಿಸಿದ. ಒಂದು ಕಡೆ ಮಗ ನೇಯ್ದ ಹಸಿರು, ಬಿಗಿಯಾಗಿ, ಒಂದೇ ಸಮ. ಇನ್ನೊಂದು ಕಡೆ ಸೊಸೆ ನೇಯ್ದ ಕೆಂಪು, ಅಲ್ಲಲ್ಲಿ ಗಂಟು, ಅಲ್ಲಲ್ಲಿ ಸಡಿಲು. ಅಪ್ಪ ಆ ಗಂಟುಗಳ ಮೇಲೆ ಬೆರಳಾಡಿಸಿದ. ಸೀರೆಯಲ್ಲಿ ಗಂಟು ಕಂಡರೆ ಯಾರನ್ನೂ ಬಿಡದೆ ಬೈಯುತ್ತಿದ್ದವನು ಅಂದು ಗಂಟುಗಳನ್ನು ಮೇಲಕ್ಕೇ ಇಟ್ಟು ಮಡಚಿದ.

ಜುಲೈ ಇಪ್ಪತ್ತಾರರಂದು ಶಾಲೆಯ ಬಯಲಿನಲ್ಲಿ ತಾಡಪತ್ರಿ ಕಟ್ಟಿದ್ದರು. ಮೇಲಿನಿಂದ ಮಳೆ, ಕೆಳಗೆ ಕೆಸರು. ಸ್ಟೇಜಿನ ಮೇಲೆ ಅಣ್ಣನ ಫೋಟೋ, ಪಕ್ಕದಲ್ಲಿ ಪರದೆ ಹಾಕಿದ ಚೌಕಟ್ಟು. ಒಳಗೆ ಏನೂ ಇಲ್ಲವೆಂದು ಕಮಿಟಿಯವರಿಗಷ್ಟೇ ಗೊತ್ತು. ಕೊನೆಯ ಗಳಿಗೆಗೆ ವೈನಿ ಮನಸ್ಸು ತಿರುಗಿಸಿಯಾಳು ಎಂದು ಸಾವಕಾರರು ಅದನ್ನು ತೆಗೆಸಿರಲಿಲ್ಲ. ನಾವು ನಡೆದು ಬಂದೆವು. ಮುಂದೆ ಅವ್ವ, ಸಂಗೀತಾಳನ್ನು ಎತ್ತಿಕೊಂಡು ಅಪ್ಪ, ನಡುವೆ ವೈನಿ. ಹಸಿರು ಸೀರೆ ಉಟ್ಟು, ಕೆಂಪು ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು. ಹಣೆ ಬೋಳಾಗಿಯೇ ಇತ್ತು. ಕುಂಕುಮ ಹಚ್ಚು ಎಂದು ನಾನು ಹೇಳಿದ್ದೆ. "ಅದು ಬ್ಯಾರೆ ಮಾತು ಗಿರಿಜಾ. ಇವತ್ತಿನ ಮಾತು ಸೀರಿದು" ಎಂದಿದ್ದಳು.

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಹಸರ ಉಟ್ಟಾಳ ನೋಡು ಎಂದು ಯಾರೋ ಜೋರಾಗಿಯೇ ಅಂದರು. ಅವ್ವ ಆ ಕಡೆ ತಿರುಗಿ ನಿಂತು, ಅಂದವಳು ತಲೆ ತಗ್ಗಿಸುವ ತನಕ ನೋಡಿದಳು.

ಭಾಷಣಗಳಾದವು. ವೀರಪತ್ನಿಯನ್ನು ಶಾಲು ಹೊದಿಸಿ ಸನ್ಮಾನಿಸುತ್ತೇವೆ ಎಂದು ಮೈಕಿನಲ್ಲಿ ಕೂಗಿದರು. ವೈನಿ ಸ್ಟೇಜ್ ಏರಿದಳು. ಹೊರಗಿನಿಂದ ಬಂದಿದ್ದ ಅತಿಥಿ ಶಾಲು ಬಿಡಿಸಿ ಮುಂದೆ ಬಂದರು. ವೈನಿ ಕೈ ಮುಗಿದಳು, ಶಾಲಿಗೆ ಮಾತ್ರ ತಲೆ ಬಗ್ಗಿಸಲಿಲ್ಲ.

"ಶಾಲು ಬ್ಯಾಡ್ರಿ. ಇದರ ಮ್ಯಾಲ ಹೊದ್ರ ಸೆರಗ ಮುಚ್ಚತೈತಿ."

ಮೈಕು ಹತ್ತಿರವೇ ಇತ್ತು. ಆ ಮಾತು ಬಯಲಿಗೆಲ್ಲ ಕೇಳಿಸಿತು. ಸಾವಕಾರರು ಗಡಿಬಿಡಿಯಲ್ಲಿ ಪರದೆಯ ಹಗ್ಗ ಹಿಡಿದು ನಿಂತಿದ್ದರು, ಎಳೆಯಬೇಕೋ ಬಿಡಬೇಕೋ ತಿಳಿಯದೆ. ವೈನಿ ಅವರತ್ತ ತಿರುಗಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಕೇಳಿದ ಸೀರಿ ಇಲ್ಲೈತ್ರಿ ಸಾವಕಾರ್ರ. ಪೂರಾ ಆಗೇತಿ. ನೋಡವರು ನೋಡ್ಲಿ."

ಸೆರಗನ್ನು ತಲೆಯಿಂದ ಇಳಿಸಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಗಂಟುಗಳೂ ಕಾಣುತ್ತಿದ್ದವು, ಮುಚ್ಚಿಡಲಿಲ್ಲ. ಅಣ್ಣನ ಫೋಟೋಕ್ಕೆ ಒಂದು ಹೂವು ಇಟ್ಟಳು, ಇಳಿದು ಬಂದಳು. ಚಪ್ಪಾಳೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಮುದುಕ ನೇಕಾರರು ಎದ್ದು ನಿಂತರು. ಅವರನ್ನು ನೋಡಿ ಇನ್ನೂ ಕೆಲವರು ನಿಂತರು. ಎಲ್ಲರೂ ಅಲ್ಲ. ನಿಲ್ಲದೆ ಕೂತವರ ಮುಖಗಳು ನನಗೆ ಇನ್ನೂ ನೆನಪಿವೆ.

ಆ ಸೀರೆಯನ್ನು ವೈನಿ ಪೆಟ್ಟಿಗೆಯಲ್ಲಿ ಇಡಲಿಲ್ಲ. ಸಂತೆಗೆ ಉಟ್ಟಳು, ಸಂಗೀತಾಳ ಶಾಲೆಗೆ ಉಟ್ಟಳು, ಅದೇ ಕುಣಿಮಗ್ಗದಲ್ಲಿ ಬೇರೆಯವರಿಗೆ ಸೀರೆ ನೇಯುವಾಗಲೂ ಉಟ್ಟಳು. ಒಂದೆರಡು ವರ್ಷ ಊರಿನ ಮದುವೆ, ತೊಟ್ಟಿಲ ಕಾರ್ಯಗಳಿಗೆ ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಕಾಯಲಿಲ್ಲ. ಜುಲೈ ಇಪ್ಪತ್ತಾರು ಬಂದಾಗ ಸನ್ಮಾನಕ್ಕೆ ಕರೆದರೆ ಹೋಗಲಿಲ್ಲ. ಅಂದು ಬೆಳಿಗ್ಗೆ ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿ ಸುಮ್ಮನೆ ಕೂತಿದ್ದು ಮತ್ತೆ ನೇಯುತ್ತಿದ್ದಳು. ವಿಜಯ ದಿವಸ ಅಂದರೇನು ಎಂದು ನನ್ನ ತರಗತಿಯ ಮಕ್ಕಳು ಕೇಳಿದರೆ ನಾಲ್ಕು ಅಂಕದ ಉತ್ತರ ಹೇಳಿದ ಮೇಲೆ ನಾನು ಈ ಕಥೆಯನ್ನೂ ಹೇಳುತ್ತೇನೆ. ಪಠ್ಯದಲ್ಲಿ ಇಲ್ಲ ಅಂತ ಯಾರಾದರೂ ತಕರಾರು ತೆಗೆದರೆ ತೆಗೆಯಲಿ.

ಹೀಗೆ ಅದನ್ನೆಲ್ಲ ನೆನೆಯುತ್ತ ನಾನು ಮನೆ ಮುಟ್ಟಿದೆ. ಅಪ್ಪ ಅವ್ವ ಈಗ ಇಲ್ಲ. ಸಂಗೀತಾ ಬಾಣಂತನಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ವೈನಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಲೆ ನರೆತಿದೆ, ಬೆನ್ನು ಮಾತ್ರ ನೆಟ್ಟಗಿದೆ. ನಾನು ವಿಷಯ ಹೇಳಿದೆ. ಅವಳು ನಕ್ಕು ಪಡಸಾಲೆಯ ಹಗ್ಗದ ಕಡೆ ಕೈ ತೋರಿಸಿದಳು.

ಹಗ್ಗದ ಮೇಲೆ ಒಂದು ಕೌದಿ ಒಣಗುತ್ತಿತ್ತು. ಉಟ್ಟು ಉಟ್ಟು ಹರಿದ ಸೀರೆಯನ್ನು ಅವಳು ಕೌದಿ ಹೊಲಿದುಬಿಟ್ಟಿದ್ದಳು. ಸುತ್ತ ಹಸಿರು ತುಂಡುಗಳು, ನಡುವೆ ಇಡೀ ಕೆಂಪು ಸೆರಗು, ಗಂಟುಗಳ ಸಮೇತ. ಕೂಸು ಅದರ ಮೇಲೆ ಉಚ್ಚೆ ಹೊಯ್ದಿತ್ತು. ಬೆಳಿಗ್ಗೆ ಒಗೆದು ಹಾಕಿದ್ದರು.

ಮಧ್ಯಾಹ್ನ ತರುಣರು ಟೆಂಪೋದಲ್ಲಿ ಗಾಜಿನ ಪೆಟ್ಟಿಗೆ ಸಮೇತ ಬಂದರು. ಮುಂದಾಳಾದ ಹುಡುಗ ಕೌದಿಯನ್ನು ನೋಡಿ ಮುಖ ಸಣ್ಣದು ಮಾಡಿಕೊಂಡ.

"ಅಜ್ಜೀ, ಇದು ಹುತಾತ್ಮರ ಸೀರಿ ರೀ. ಹಿಂಗ ಕತ್ತರಿಸಿಬಿಡೂದಾ?"

"ಹುತಾತ್ಮರು ನಿಮಗ, ತಮ್ಮಾ. ನನಗ ಗಂಡ" ಎಂದಳು ವೈನಿ. ಎದ್ದು ಕೌದಿಯನ್ನು ಹಗ್ಗದಿಂದ ತೆಗೆದು ಮಡಚಿ ಅವನ ಕೈಯಲ್ಲಿಟ್ಟಳು. "ಬೇಕಂದ್ರ ಒಯ್ರಿ. ಪೆಟಗ್ಯಾಗ ಮಾತ್ರ ಹಾಕಬ್ಯಾಡ್ರಿ, ಇನ್ನಾ ಹಸಿ ಐತಿ. ಹುಡುಗ್ರು ಮುಟ್ಟಿ ನೋಡಿದ್ರ ನೋಡ್ಲಿ. ಸಂಜಿಕ ಹೊಳ್ಳಿ ತಂದು ಕೊಡ್ರಿ. ಈ ಕೂಸು ಅದಿಲ್ಲಂದ್ರ ಮಲಗೂದಿಲ್ಲ."